ಹೊಸ್ತಿಲಿನಾಚೆಯ ಬನ್ಸ್, ಹಿಮ್ಮಡಿಯಾಚೆಯ ಚೆಂಡು

ಮೈದಾನದ ನಡುವೆ ನಿಂತು ಸೀಟಿ ಊದಿದ ಮೇಲೆ ನಾನು ಹಿಂದೆ ಮುಂದೆ ನೋಡುವವಳಲ್ಲ. ಆಟಗಾರ್ತಿಯರು ಮುಖ ಊದಿಸಿಕೊಳ್ಳಲಿ, ಗೆರೆಯಾಚೆ ನಿಂತ ಅಪ್ಪಂದಿರು ಬಾಯಿಗೆ ಬಂದದ್ದು ಹೇಳಲಿ, ಚೆಂಡು ಒಳಗೆ ಅಂದರೆ ಒಳಗೆ, ಹೊರಗೆ ಅಂದರೆ ಹೊರಗೆ. ರಗ್ಬಿ ರೆಫ್ರಿಯಾಗಿ ಇಷ್ಟು ವರ್ಷ ಆಯಿತಲ್ಲ, ಹೊಸ ಹುಡುಗಿಯರು ಕೇಳುತ್ತಾರೆ, ಮೇಡಂ ನೀವು ಈ ನಿಯಮವನ್ನೆಲ್ಲ ಎಲ್ಲಿ ಕಲಿತದ್ದು ಅಂತ. ಯಾವುದಾದರೂ ದೊಡ್ಡ ಕೋರ್ಸಿನ ಹೆಸರು ಬರುತ್ತದೆ ಅಂತ ಕಾಯುತ್ತಾರೆ, ಪಾಪ. ನಾನು ಇದ್ದದ್ದನ್ನೇ ಹೇಳುತ್ತೇನೆ: ಪುಂಜಾಲಕಟ್ಟೆಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ, ಬನ್ಸ್ ಕದಿಯುತ್ತಾ ಕಲಿತೆ. ನಗುತ್ತಾರೆ. ನಗಲಿ.

ನಮ್ಮ ಮನೆಯೂ ಹೋಟೆಲೂ ಒಂದೇ ಮಾಡಿನ ಕೆಳಗೆ ಇದ್ದವು. ಎದುರಿಗೆ ಬಂಟ್ವಾಳ-ಬೆಳ್ತಂಗಡಿ ರಸ್ತೆಗೆ ಮುಖ ಮಾಡಿದ ಹೋಟೆಲು, ಹಿಂದೆ ನಾವು ಮಲಗುವ ಕೋಣೆಗಳು, ನಡುವೆ ಹೊಗೆಗೆ ಕಪ್ಪಾದ ಅಡುಗೆಮನೆ. ಮನೆ ಅಜ್ಜಿಯದ್ದು, ನಮ್ಮಲ್ಲಿ ಮನೆ ತಾಯಿಯಿಂದ ಮಗಳಿಗೆ ಬರುವ ಕ್ರಮ. ಹೋಟೆಲು ಮಾತ್ರ ಅಪ್ಪನದ್ದು. ಹಾಗಾಗಿ ಅಡುಗೆಮನೆಗೆ ಎರಡು ಬಾಗಿಲು, ಎರಡು ಸರಕಾರ. ಹಿಂಬಾಗಿಲಿನ ಕಡೆ ಅಜ್ಜಿಯ ಮಾತು ನಡೆಯುತ್ತಿತ್ತು, ಹೋಟೆಲಿನ ಬಾಗಿಲಿನ ಕಡೆ ಅಪ್ಪನದ್ದು. ಆ ಹೋಟೆಲಿನ ಬಾಗಿಲಿಗೆ ಹಲಸಿನ ಮರದ ಎತ್ತರದ ಹೊಸ್ತಿಲು. ಅಮ್ಮ ಬಾಳೆಹಣ್ಣಿನ ಬನ್ಸನ್ನು ಎಣ್ಣೆಯಲ್ಲಿ ಕಾಯಿಸಿ ತಟ್ಟೆಗೆ ತುಂಬಿ ಬಗ್ಗಿ ಹೊಸ್ತಿಲಿನಾಚೆ ಇಡುವಳು, ಸಪ್ಲಾಯರ್ ಬಾಬಣ್ಣ ಬಂದು ಎತ್ತಿಕೊಂಡು ಹೋಗಿ ಗಾಜಿನ ಕಪಾಟಿಗೆ ಹಾಕುವನು. ಗೋಳಿಬಜೆ, ಸಜ್ಜಿಗೆ, ಅವಲಕ್ಕಿ ಎಲ್ಲದರ ದಾರಿಯೂ ಅದೇ. ಹೊಸ್ತಿಲು ದಾಟಿದ್ದು ಗಿರಾಕಿಯದ್ದು, ಮನೆಯವರು ಅದಕ್ಕೆ ಕೈ ಹಾಕುವ ಹಾಗಿಲ್ಲ. ಇದು ಅಪ್ಪನ ಕಾನೂನು. ಸಂಜೆ ಉಳಿದದ್ದು ಬಾಬಣ್ಣನ ಮನೆಗೆ ಹೋಗುತ್ತಿತ್ತೇ ಹೊರತು ಅಡುಗೆಮನೆಗೆ ತಿರುಗಿ ಬರುತ್ತಿರಲಿಲ್ಲ. ಒಮ್ಮೆ ಮಾಣಿ ಊರಿನಿಂದ ಅಮ್ಮನ ಚಿಕ್ಕಮ್ಮ ಬಂದಾಗ ಚಹಾಕ್ಕೆ ಕೊಡಲು ಒಂದೂ ಬನ್ಸ್ ಉಳಿದಿರಲಿಲ್ಲ. ಕಪಾಟಿನಲ್ಲಿ ರಾಶಿ ಇತ್ತು.

"ನೆಂಟರಿಗೆ ಒಂದು ಬನ್ಸ್ ಕೊಟ್ಟರೆ ನಿಮ್ಮ ಹೋಟೆಲು ಮುಳುಗಿ ಹೋಗ್ತದಾ?" ಅಂತ ಅಮ್ಮ ಬಾಗಿಲಲ್ಲೇ ನಿಂತು ಕೇಳಿದಳು.

"ಇವತ್ತು ಒಂದು ಒಳಗೆ ಬಂದರೆ ನಾಳೆ ತಟ್ಟೆಯೇ ಒಳಗೆ ಬರ್ತದೆ. ಬೇಕಾದರೆ ಬೇರೆ ಕಾಯಿಸು," ಅಂದರು ಅಪ್ಪ.

ಚಿಕ್ಕಮ್ಮ ಬಿಸ್ಕುಟು ತಿಂದು ಹೋದರು. ಅಮ್ಮ ಆ ಸಿಟ್ಟನ್ನು ಮುಂದಿನ ಕೃಷ್ಣಾಷ್ಟಮಿಯ ತನಕ ಇಟ್ಟುಕೊಂಡಿದ್ದಳು. ನನಗೂ ಒಡಹುಟ್ಟಿದ ದಿನೇಶಣ್ಣನಿಗೂ ಮಾತ್ರ ಈ ಕಾನೂನು ಬಹಳ ಚೆನ್ನಾಗಿ ಹೊಂದಿಕೆಯಾಗಿತ್ತು. ಹೊಸ್ತಿಲು ದಾಟುವ ಮೊದಲು ಎಗರಿಸಿದರೆ ಅಮ್ಮ ಸೌಟು ಎತ್ತುವಳೇ ಹೊರತು ಅಪ್ಪ ಕೇಳುವ ಹಾಗಿರಲಿಲ್ಲ. ಬಾಣಲೆಯಿಂದ ಹೊಸ್ತಿಲಿಗೆ ಇದ್ದ ಆ ನಾಲ್ಕು ಹೆಜ್ಜೆಯಲ್ಲಿ ನಮ್ಮ ಬಾಲ್ಯದ ಎಲ್ಲ ಚುರುಕುತನವೂ ಖರ್ಚಾಗುತ್ತಿತ್ತು.

ನಾನು ಎಂಟನೆಯಲ್ಲಿರುವಾಗ ಅಮ್ಮನ ತಮ್ಮ ಕರುಣಾಕರ ಮಾವ ಬಹ್ರೈನಿನ ಕೆಲಸ ಬಿಟ್ಟು ಬಂದರು. ಗಲ್ಫಿನಿಂದ ಬರುವವರು ಕಂಬಳಿ ತರುತ್ತಾರೆ, ಸೆಂಟು ತರುತ್ತಾರೆ, ಮಕ್ಕಳಿಗೆ ಚಾಕಲೇಟು ತರುತ್ತಾರೆ. ನಮ್ಮ ಮಾವ ತಂದದ್ದು ಉದ್ದುದ್ದದ ಒಂದು ಚೆಂಡು ಮತ್ತು ಕೊರಳಲ್ಲಿ ನೇತಾಡುವ ಒಂದು ಸೀಟಿ. ಅಲ್ಲಿ ಏಸಿ ರಿಪೇರಿಯ ಕೆಲಸ ಅವರದ್ದು. ಶುಕ್ರವಾರದ ರಜೆಯಲ್ಲಿ ಕಂಪೆನಿಯ ಇಂಗ್ಲಿಷರು ರಗ್ಬಿ ಆಡುತ್ತಿದ್ದರಂತೆ, ಗೆರೆಯ ಹತ್ತಿರ ಬಾವುಟ ಹಿಡಿಯಲು ಜನ ಬೇಕಾಗಿ ಇವರನ್ನು ಕರೆದರಂತೆ, ಮೆಲ್ಲಗೆ ರೆಫ್ರಿಯೇ ಆಗಿಬಿಟ್ಟರಂತೆ. "ಎಂಥೆಂಥಾ ಮ್ಯಾನೇಜರುಗಳನ್ನು ಮೈದಾನದಿಂದ ಹೊರಗೆ ಹಾಕಿದವ ನಾನು," ಅಂತ ಮಾವ ಎದೆ ಉಬ್ಬಿಸಿ ಹೇಳುತ್ತಿದ್ದರು. ಹೇಳಿದ್ದನ್ನೇ ಹೇಳುತ್ತಿದ್ದರು. ಅಜ್ಜಿ ಚೆಂಡನ್ನು ಮಡಿಲಲ್ಲಿ ಇಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದೆಂಥದು ಮಾರಾಯ, ಸುಲಿಯದ ತೆಂಗಿನಕಾಯಿಗೆ ಗಾಳಿ ಹಾಕಿ ತಂದದ್ದಾ? ನಮ್ಮಲ್ಲಿ ಕಾಯಿಗೆ ಎಂಥ ಬರಗಾಲ ಬಂದಿತ್ತು?"

ಮಾವ ಮನೆಯಲ್ಲಿ ನಡೆಸಿದ ಮೊದಲ ವಿಚಾರಣೆ ನನ್ನದೇ. ಅಮ್ಮ ಬನ್ಸಿನ ತಟ್ಟೆಯನ್ನು ಹೊಸ್ತಿಲಿನಾಚೆ ಇಟ್ಟು ಇನ್ನೂ ನೆಟ್ಟಗೆ ನಿಂತಿರಲಿಲ್ಲ, ನಾನು ಅವಳ ಕಂಕುಳ ಕೆಳಗಿಂದ ಕೈ ತೂರಿಸಿ ಒಂದನ್ನು ತೆಗೆದಿದ್ದೆ. ಅಪ್ಪ ಕ್ಯಾಶಿನಿಂದ ನೋಡಿ ಎದ್ದು ಬಂದರು. ನಾನು ಸೋಲುವವಳಾ? ಬಾಬಣ್ಣ ಇನ್ನೂ ಎತ್ತಿಕೊಂಡೇ ಇಲ್ಲ, ಅವನ ಕೈಗೆ ಹೋಗುವ ತನಕ ಅದು ಅಡುಗೆಮನೆಯದ್ದೇ ಅಂತ ವಾದ ಹೂಡಿದೆ. ಆಗ ಮೂಲೆಯಲ್ಲಿ ಗಂಜಿ ಊಟ ಮಾಡುತ್ತಿದ್ದ ಮಾವ ಎಡಗೈಯಲ್ಲಿ ಸೀಟಿ ಹಿಡಿದು ಊದಿದರು. ಇಡೀ ಹೋಟೆಲು ತಿರುಗಿ ನೋಡಿತು.

"ಪಿದಾಯಿ!" ಅಂದರು ಮಾವ. ತುಳುವಿನಲ್ಲಿ ಪಿದಾಯಿ ಅಂದರೆ ಹೊರಗೆ, ಉಲಾಯಿ ಅಂದರೆ ಒಳಗೆ. "ಯಾರು ಎತ್ತಿದರು ಅಂತ ಕೇಳುವ ಪ್ರಶ್ನೆಯೇ ಇಲ್ಲ. ಗೆರೆ ದಾಟಿತಾ? ದಾಟಿದರೆ ಪಿದಾಯಿ. ಬನ್ಸ್ ಅಲ್ಲೇ ಇಡು ಮಗಾ."

ಇಟ್ಟೆ. ಕಚ್ಚಿ ಆಗಿತ್ತು, ಆದರೂ ಇಟ್ಟೆ. ಅಪ್ಪನಿಗೆ ಭಾವನ ಮೇಲೆ ಪ್ರೀತಿ ಹುಟ್ಟಿದ್ದು ಆವತ್ತೇ ಇರಬೇಕು. ಅದಕ್ಕೆ ಮೊದಲು, ಕೆಲಸ ಬಿಟ್ಟು ಬಂದ ಗಂಡಸು ತಾಯಿಯ ಮನೆಯ ಮೂಲೆಯಲ್ಲಿ ಕೂತು ಗಂಜಿ ಸುರಿಯುವುದನ್ನು ಅವರು ಓರೆಗಣ್ಣಲ್ಲಿ ನೋಡುತ್ತಿದ್ದರು.

ಮಾವ ಸುಮ್ಮನೆ ಕೂರುವ ಜಾತಿಯವರಲ್ಲ. ಊರಿನ ಹುಡುಗರೆಲ್ಲ ಕ್ರಿಕೆಟ್ಟು, ಕಬಡ್ಡಿ ಅಂತ ಇದ್ದರು. ಹಾಗಾಗಿ ಮಾವ ನಮ್ಮ ಹೈಸ್ಕೂಲಿನ ಮಾಸ್ಟ್ರನ್ನು ಒಪ್ಪಿಸಿ ಹುಡುಗಿಯರನ್ನು ಸೇರಿಸಿದರು. ಕೊಯ್ಲಾದ ಗದ್ದೆಯಲ್ಲಿ ಆಟ ಶುರುವಾಯಿತು. ಅಲ್ಲಿ ಅವರು ತಲೆ ತಲೆ ಚಚ್ಚಿಕೊಳ್ಳುವ ಹಾಗೆ ಆಯಿತು. ಯಾಕೆಂದರೆ ನಮ್ಮ ಊರಿನಲ್ಲಿ ತಪ್ಪಂಗಾಯಿ ಉಂಟು. ಅಷ್ಟಮಿಯ ಸಮಯಕ್ಕೆ ಗುಂಪಿನ ನಡುವೆ ಒಂದು ತೆಂಗಿನಕಾಯಿ ಎಸೆಯುತ್ತಾರೆ, ಅದಕ್ಕಾಗಿ ಗಂಡಸರು ಕೆಸರಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಎಳೆದಾಡುತ್ತಾರೆ. ಕಾಯಿ ಸಿಕ್ಕಿದವ ಹೊಟ್ಟೆಯ ಕೆಳಗೆ ಹಾಕಿ ಕವುಚಿ ಮಲಗಿದರೆ ಗೆದ್ದ ಹಾಗೆ. ನಾವು ಹುಡುಗಿಯರು ಅದನ್ನು ಆಡಿದವರಲ್ಲ, ಆದರೆ ಹುಟ್ಟಿದಾಗಿನಿಂದ ನೋಡಿದವರು. ಚೆಂಡು ಸಿಕ್ಕಿದ ಕೂಡಲೇ ಎಲ್ಲರೂ ಹೊಟ್ಟೆಯಡಿ ಹಾಕಿ ಮಲಗಿಬಿಡುತ್ತಿದ್ದೆವು. ಮೇಲೆ ಹತ್ತು ಜನ ಬಿದ್ದರೂ ಬಿಡುತ್ತಿರಲಿಲ್ಲ. ಮಾವ ಸೀಟಿ ಊದಿ ಊದಿ ಕೆಮ್ಮುತ್ತಿದ್ದರು.

"ಬಿದ್ದವಳು ಬಿಡಬೇಕು ಮಾರಾಯ್ತಿ! ಇದು ಕಾಯಿ ಅಲ್ಲ, ಮನೆಗೆ ತಗೊಂಡು ಹೋಗ್ಲಿಕ್ಕೆ ಇಲ್ಲ! ನೆಲದಲ್ಲಿ ಇದ್ದವರಿಗೆ ಆಟ ಇಲ್ಲ. ಬಿಡು, ಏಳು, ಮತ್ತೆ ಬಾ!"

ರಾತ್ರಿ ಊಟಕ್ಕೆ ಕೂತಾಗ ಅದೇ ಪಾಠ. ಉಪ್ಪಿನಕಾಯಿ ಭರಣಿಯೇ ಚೆಂಡು, ಅದರ ಎರಡೂ ಕಡೆ ನೀರಿನ ಲೋಟಗಳು. ಚೆಂಡು ನೆಲದಲ್ಲಿದ್ದು ಅದರ ಮೇಲೆ ಎರಡೂ ತಂಡದವರು ನಿಂತುಕೊಂಡು ಒಬ್ಬರನ್ನೊಬ್ಬರು ಒತ್ತಿದರೆ ಅದು ರಕ್. ರಕ್ ಆದ ಮೇಲೆ ಕೈ ಹಾಕುವ ಹಾಗಿಲ್ಲ, ಕಾಲಲ್ಲೇ ಹಿಂದೆ ತಳ್ಳಬೇಕು. ಉಳಿದವರು ತಮ್ಮ ಕಡೆಯ ಕೊನೆಯವಳ ಹಿಮ್ಮಡಿಯ ಹಿಂದೆ ನಿಂತು ಕಾಯಬೇಕು. ಚೆಂಡು ಹೊರಗೆ ಬಂತೋ, ಆ ಗೆರೆಯೆಲ್ಲ ಮಾಯ, ಯಾರು ಬೇಕಾದರೂ ನುಗ್ಗಬಹುದು. ಇದಕ್ಕೆ ಓಪನ್ ಪ್ಲೇ ಅನ್ನುತ್ತಾರೆ ಅಂತ ಮಾವ ಹೇಳಿದರೂ ನಮ್ಮ ಮನೆಯಲ್ಲಿ ಅದು ಪಿದಾಯಿ ಅಂತಲೇ ಉಳಿಯಿತು. ಅಮ್ಮನಿಗೆ ಈ ಕಾನೂನು ಬಹಳ ಉಪಯೋಗಕ್ಕೆ ಬಿತ್ತು. ಅಪ್ಪನೂ ಮಾವನೂ ಬಂಗುಡೆಯ ಕ್ರಯಕ್ಕೋ ರಾಜಕೀಯಕ್ಕೋ ಜಗಳ ಹಿಡಿದು, ಸೋತವರು ಬಿಡದೆ ಎಳೆಯುತ್ತಾ ಕೂತರೆ ಮೀನಿನ ಪುಳಿಮುಂಚಿ ಬಡಿಸುತ್ತಾ, "ಬಿದ್ದಾಯ್ತಲ್ಲ, ಇನ್ನು ಬಿಡಿ," ಅನ್ನುವಳು. ಬಿದ್ದವರು ಯಾರು ಅಂತ ಅವಳು ಹೇಳುತ್ತಿರಲಿಲ್ಲ, ಇಬ್ಬರೂ ಬಾಯಿ ಮುಚ್ಚುತ್ತಿದ್ದರು.

ಹತ್ತನೆಯ ಪರೀಕ್ಷೆ ಮುಗಿದಾಗ ನನ್ನ ಮುಂದೆ ಎರಡು ದಾರಿ ಇತ್ತು. ಒಂದು ಅಪ್ಪ ತೋರಿಸಿದ್ದು. ದಿನೇಶಣ್ಣ ಹೇಗೂ ದುಬೈಗೆ ಹಾರುವ ತಯಾರಿಯಲ್ಲಿದ್ದ, ನಾನು ಕ್ಯಾಶಿಗೆ ಕೂರುವುದು, ಓದುವುದಿದ್ದರೆ ಬಿಡುವಿನಲ್ಲಿ ಓದುವುದು. ಇನ್ನೊಂದು ಮೂಡಬಿದಿರೆಯ ಕಾಲೇಜು. ಅಲ್ಲಿ ಹುಡುಗಿಯರ ರಗ್ಬಿ ತಂಡ ಕಟ್ಟುತ್ತಿದ್ದರು, ಆಯ್ಕೆಯಾದವರಿಗೆ ಹಾಸ್ಟೆಲು, ಊಟ, ಓದು ಎಲ್ಲ ಅವರದ್ದೇ. ನನಗೆ ಅದು ಬೇಕಿತ್ತು. ಎಷ್ಟು ಬೇಕಿತ್ತು ಅಂದರೆ ಕ್ಯಾಶಿನ ಸ್ಟೂಲನ್ನು ಕಂಡರೆ ಸುತ್ತು ಹಾಕಿ ನಡೆಯುತ್ತಿದ್ದೆ. ಆಯ್ಕೆಗೆ ಅಂತ ನಮ್ಮ ಬಂಟ್ವಾಳದ ಹುಡುಗಿಯರಿಗೂ ಬೆಳ್ತಂಗಡಿಯವರಿಗೂ ಮೂಡಬಿದಿರೆಯ ಮೈದಾನದಲ್ಲಿ ಒಂದು ಮ್ಯಾಚ್ ಇಟ್ಟರು. ಆ ಕಾಲೇಜಿನ ಕೋಚ್ ಮೇಡಂ ಆಟ ಕಲಿಸಬಲ್ಲವರು, ಆದರೆ ನಿಯಮದಲ್ಲಿ ಇನ್ನೂ ಹೊಸಬರು. ಸುತ್ತಮುತ್ತ ನಿಯಮ ಪೂರ್ತಿ ಗೊತ್ತಿದ್ದವರು ಒಬ್ಬರೇ. ಹಾಗಾಗಿ ನನ್ನ ಮ್ಯಾಚಿಗೆ ನನ್ನ ಮಾವನೇ ರೆಫ್ರಿ.

ಆಟ ಮುಗಿಯುತ್ತಾ ಬಂದಿತ್ತು, ನಾವು ಸ್ವಲ್ಪದರಲ್ಲಿ ಹಿಂದೆ ಇದ್ದೆವು. ಬೆಳ್ತಂಗಡಿಯವರ ಗೋಲು ಗೆರೆಯ ಹತ್ತಿರವೇ ಒಂದು ರಕ್ ಆಯಿತು. ಚೆಂಡು ಅವರದ್ದು. ಅವರ ಕೊನೆಯ ಹುಡುಗಿ ಅದನ್ನು ಕಾಲಿನಿಂದ ಹಿಂದೆ ತಳ್ಳಿದಳು, ಅದು ಉರುಳಿ ಅವಳ ಹಿಮ್ಮಡಿ ದಾಟಿ ಕೆಂಪು ಮಣ್ಣಿನ ಮೇಲೆ ಒಂಟಿಯಾಗಿ ನಿಂತಿತು. ಅದನ್ನು ಎತ್ತಿ ಎಸೆಯಬೇಕಾದವಳು ಪಕ್ಕದಲ್ಲೇ ನಿಂತು ಜಡೆ ಬಿಗಿಯುತ್ತಾ ಯಾರಿಗೋ ಕೂಗಿ ಹೇಳುತ್ತಿದ್ದಳು. ನಾನು ನಮ್ಮ ಕೊನೆಯವಳ ಹಿಮ್ಮಡಿಯ ಹಿಂದೆಯೇ ಇದ್ದೆ. ನೋಡಿದೆ, ಪಿದಾಯಿ. ಸುತ್ತು ಹಾಕಿ ಓಡಿ ಚೆಂಡು ಬಾಚಿಕೊಂಡು ಗೋಲು ಗೆರೆಯಾಚೆ ನೆಲಕ್ಕೆ ಒತ್ತಿ ಹಿಡಿದೆ, ರಗ್ಬಿಯಲ್ಲಿ ಅಂಕ ಸಿಗುವುದೇ ಹಾಗೆ. ನಮ್ಮ ಹುಡುಗಿಯರು ಕುಣಿಯಲು ಶುರು ಮಾಡಿದ್ದರು. ಆಗ ಸೀಟಿ ಕೇಳಿತು. ಮಾವ ನನ್ನ ಮುಖ ನೋಡದೆ ಕೈ ಎತ್ತಿ ಆಫ್‌ಸೈಡ್ ಅಂದರು. ಚೆಂಡು ಇನ್ನೂ ಒಳಗಿತ್ತಂತೆ. ಹೊರಗೆ ಬರುವ ಮೊದಲೇ ನಾನು ನುಗ್ಗಿದ್ದೆನಂತೆ. ಅಲ್ಲಿಗೆ ನಾವು ಸೋತೆವು. ಕೋಚ್ ಮೇಡಂ ನಮ್ಮ ಮಾಸ್ಟ್ರ ಹತ್ತಿರ ಹೇಳಿದ್ದು ನನ್ನ ಕಿವಿಗೇ ಬಿತ್ತು.

"ಆ ಹುಡುಗಿ ಒಳ್ಳೆ ಚುರುಕು. ಆದರೆ ಅವಸರ ಜಾಸ್ತಿ, ನಿಯಮ ಗೊತ್ತಿಲ್ಲ. ಅಂಥವರನ್ನು ತಗೊಳ್ಳುವುದು ಕಷ್ಟ."

ನಿಯಮ ಗೊತ್ತಿಲ್ಲ! ಭರಣಿ, ಲೋಟ ನೋಡಿಕೊಂಡು ಗಂಜಿ ಉಂಡವಳಿಗೆ! ಸೋತದ್ದಕ್ಕೆ ನಾನು ಅಳಲಿಲ್ಲ, ಈ ಮಾತಿಗೆ ಬಸ್ಸಿನುದ್ದಕ್ಕೂ ಅತ್ತೆ. ಮಾವ ಮುಂದಿನ ಸೀಟಿನಲ್ಲಿ ಕೂತು ಒಮ್ಮೆಯೂ ತಿರುಗಲಿಲ್ಲ.

ಮನೆಯಲ್ಲಿ ಅಮ್ಮ ತಮ್ಮನ ಹತ್ತಿರ ಮಾತು ಬಿಟ್ಟಳು. ಊಟದ ತಟ್ಟೆಯನ್ನು ಅವರ ಮುಂದೆ ಕುಕ್ಕುವಳು, ಮಾವನಿಗೆ ಇಷ್ಟವಾದ ಮೀನಿನ ತಲೆಯ ತುಂಡನ್ನು ಬೇಕಂತಲೇ ದಿನೇಶಣ್ಣನಿಗೆ ಹಾಕುವಳು. ಅಪ್ಪ ಮಾತ್ರ ಭಾವನ ಪರ. ರೆಫ್ರಿ ಹೇಳಿದ ಮೇಲೆ ಮುಗಿಯಿತು, ಅದರಲ್ಲಿ ಎಂಥ ಚರ್ಚೆ ಅನ್ನುತ್ತಾ ಕ್ಯಾಶಿನ ಸ್ಟೂಲಿಗೆ ಹೊಸ ಮೆತ್ತೆ ತಂದು ಹಾಕಿದರು. ಆ ಮೆತ್ತೆ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಅಜ್ಜಿ ಎರಡು ದಿನ ಈ ಕುಕ್ಕಾಟವನ್ನು ಸಹಿಸಿಕೊಂಡರು. ಮೂರನೆಯ ದಿನ ಹೋಟೆಲಿನ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಅಡುಗೆಮನೆಯ ನಡುವೆ ಮಣೆ ಹಾಕಿಸಿ ಕೂತರು.

"ಎಲ್ಲಿ, ಆವತ್ತು ಆದದ್ದನ್ನು ಇಲ್ಲಿ ಮಾಡಿ ತೋರಿಸಿ. ನನ್ನ ಮನೆಯಲ್ಲಿ ಹೀಗೆ ಪಾತ್ರೆ ಒಡೆಯುವುದು ಬೇಡ."

ಮಾಡಿದೆವು. ಅಪ್ಪ ಮುಂಡು ಎತ್ತಿ ಕಟ್ಟಿ ಬೆಳ್ತಂಗಡಿಯ ಹುಡುಗಿಯಾದರು, ದಿನೇಶಣ್ಣ ನಮ್ಮ ಕಡೆಯವಳಾದ. ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಚೆಂಡಿನ ಮೇಲೆ ಬಗ್ಗಿ ನಿಂತರು. ಅಮ್ಮ ಜಡೆ ಬಿಗಿಯುವವಳಾಗಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಅಪ್ಪನ ಬೆನ್ನು ಹೋಟೆಲಿನ ಬಾಗಿಲಿಗೆ, ಹಿಮ್ಮಡಿ ಹೊಸ್ತಿಲಿಗೆ ತಾಗಿತ್ತು. ಬಾಬಣ್ಣ ಕೈಯಲ್ಲಿ ಚಹಾದ ಲೋಟ ಹಿಡಿದು ಬಾಗಿಲಲ್ಲೇ ಬಾಯಿ ಕಳೆದು ನಿಂತಿದ್ದ. ಅಪ್ಪ ಕಾಲಿನಿಂದ ಜೋರಾಗಿ ಹಿಂದೆ ತಳ್ಳಿದರು. ಚೆಂಡು ಹೊಸ್ತಿಲು ಹತ್ತಿ ಆಚೆ ಇಳಿದು ಹೋಟೆಲಿನ ನೆಲದ ಮೇಲೆ ನಿಂತಿತು. ಅಮ್ಮ ಮುಟ್ಟಲಿಲ್ಲ.

"ಇಷ್ಟೇ ಆದದ್ದು," ಅಂದೆ. "ಈಗ ಹೇಳಿ ಮಾವ. ಉಲಾಯಿಯಾ, ಪಿದಾಯಿಯಾ?"

"ಅವಳು ಎತ್ತುವ ತನಕ ಉಲಾಯಿ," ಅಂದರು ಮಾವ. "ಎತ್ತುವವಳಿಗೆ ಒಂದು ಅವಕಾಶ ಕೊಡಬೇಕಲ್ಲ. ಇಲ್ಲದಿದ್ದರೆ ಚೆಂಡನ್ನು ಹೊರಗೆ ತರುವುದು ಹೇಗೆ?"

"ಕೈಯಿಟ್ಟಿದ್ದರೆ ಅವಕಾಶ ಕೊಡುವ. ಅವಳು ಜಡೆಗೆ ಕೈಯಿಟ್ಟದ್ದು. ಮತ್ತೆ, ನಾನು ಬನ್ಸ್ ತೆಗೆದ ದಿನ ನೀವು ಎಂಥ ಹೇಳಿದ್ದು? ಬಾಬಣ್ಣ ಎತ್ತಲಿಲ್ಲ ಅಂತ ನಾನು ಹೇಳಿದೆ. ಯಾರು ಎತ್ತಿದರು ಅಂತ ಕೇಳುವ ಪ್ರಶ್ನೆಯೇ ಇಲ್ಲ ಅಂತ ನೀವು ಹೇಳಿದಿರಿ. ಗೆರೆ ದಾಟಿದರೆ ಪಿದಾಯಿ ಅಂತ ಹೇಳಿದಿರಿ. ಕಚ್ಚಿದ ಬನ್ಸನ್ನು ಬಾಯಿಂದ ತೆಗೆಸಿದಿರಿ. ನನಗೊಂದು ನ್ಯಾಯ, ಬೆಳ್ತಂಗಡಿಯವಳಿಗೆ ಒಂದು ನ್ಯಾಯವಾ?"

ಅಪ್ಪನೂ ದಿನೇಶಣ್ಣನೂ ಇನ್ನೂ ಹೆಗಲು ಕೊಟ್ಟುಕೊಂಡೇ ಬಗ್ಗಿದ್ದರು, ಏಳುವುದಾ ಬೇಡವಾ ಅಂತ ಗೊತ್ತಾಗದೆ. ಮಾವ ಹೊಸ್ತಿಲಿನಾಚೆಯ ಚೆಂಡನ್ನು ನೋಡುತ್ತಲೇ ಇದ್ದರು. ಗಲ್ಫಿನ ಮ್ಯಾನೇಜರುಗಳ ಕತೆ ಹೇಳುವಾಗ ಇರುವ ಮುಖವೇ ಇರಲಿಲ್ಲ ಆಗ.

"ಪಿದಾಯಿ," ಅಂದರು ಕೊನೆಗೆ. "ಆವತ್ತೂ ಪಿದಾಯಿಯೇ. ನಾನು ಕಂಡಿದ್ದೆ."

"ಕಂಡೂ ಊದಿದೆಯಾ?" ಅಮ್ಮ ಸೊಂಟದಿಂದ ಕೈ ತೆಗೆದಳು.

"ಅಕ್ಕ, ಇಡೀ ಮೈದಾನ ನನ್ನನ್ನೇ ನೋಡುತ್ತಿತ್ತು. ರೆಫ್ರಿ ತನ್ನ ಅಕ್ಕನ ಮಗಳನ್ನು ಗೆಲ್ಲಿಸಿದ ಅಂತ ಹೇಳಿಯಾರು ಅಂತ ಹೆದರಿಕೆ ಆಯಿತು. ಓಡಿ ಬಂದದ್ದು ಬೇರೆ ಯಾರ ಮಗಳಾದರೂ ಆಗಿದ್ದರೆ ನಾನು ಊದುತ್ತಿರಲಿಲ್ಲ."

ನನಗೆ ಗೆದ್ದ ಖುಷಿಯೂ ಇತ್ತು, ಮಾವನನ್ನು ನೋಡಿ ಪಾಪ ಅನಿಸಿದ್ದೂ ಉಂಟು. ಅಜ್ಜಿ ಮಣೆಯಿಂದ ಎದ್ದು ಮಗನ ಹೆಗಲು ಹಿಡಿದರು.

"ನಮ್ಮವಳು ಅಂತ ಕೊಡುವುದು ತಪ್ಪಾದರೆ, ನಮ್ಮವಳು ಅಂತ ಕಸಿಯುವುದು ಸರಿಯಾ? ನಾಳೆ ಹೋಗು ಮೂಡಬಿದಿರೆಗೆ. ಇಲ್ಲಿ ಹೇಳಿದ್ದನ್ನು ಅಲ್ಲಿ ಹೇಳಿ ಬಾ."

ಮರುದಿನ ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ, ವೇಣೂರು ದಾರಿಯಾಗಿ ನಾನೂ ಮಾವನೂ ಮೂಡಬಿದಿರೆಗೆ ಹೋದೆವು. ಮಾವ ಮ್ಯಾಚಿನ ದಿನ ಹಾಕಿದ ಬಿಳಿ ಅಂಗಿಯನ್ನೇ ಇಸ್ತ್ರಿ ಮಾಡಿಸಿ ಹಾಕಿದ್ದರು, ಸೀಟಿಯೂ ಕೊರಳಲ್ಲೇ ಇತ್ತು. ಮೈದಾನದಲ್ಲಿ ಹುಡುಗಿಯರ ಅಭ್ಯಾಸ ನಡೆಯುತ್ತಿತ್ತು. ಮಾವ ಮೇಡಮ್ಮನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಬಹುದಿತ್ತು. ಹಾಗೆ ಮಾಡಲಿಲ್ಲ. ಎಲ್ಲ ಹುಡುಗಿಯರಿಗೆ ಕೇಳುವ ಹಾಗೆ ನಿಂತು, ತೀರ್ಪು ತಪ್ಪು, ತಪ್ಪಿದ್ದು ತಾನು, ಈ ಹುಡುಗಿಗೆ ನಿಯಮ ತನಗಿಂತ ಸರಿಯಾಗಿ ಗೊತ್ತುಂಟು ಅಂದರು. ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸೋತ ಮ್ಯಾಚು ಸೋತದ್ದೇ, ಅದನ್ನು ತಿರುಗಿಸಲಿಕ್ಕೆ ಆಗುವುದಿಲ್ಲ ಅಂದರು. ಆಮೇಲೆ ತನ್ನ ಹುಡುಗಿಯರಿಂದ ಒಂದು ರಕ್ ಮಾಡಿಸಿ, ಒಬ್ಬಳ ಕಾಲಿನ ಹತ್ತಿರ ಚೆಂಡು ಇಡಿಸಿ, ಮೆಲ್ಲಗೆ ಹಿಂದೆ ತಳ್ಳಲು ಹೇಳಿದರು.

"ಈಗ?"

"ಒಳಗೆ."

"ಈಗ?"

"ಹಿಮ್ಮಡಿ ಇನ್ನೂ ದಾಟಲಿಲ್ಲ ಮೇಡಂ. ಒಳಗೆ."

ಚೆಂಡು ಇನ್ನಷ್ಟು ಉರುಳಿತು. ಅವರು ಕೇಳುವ ಮೊದಲೇ ನಾನು ಓಡಿ ಎತ್ತಿಕೊಂಡಿದ್ದೆ. ಮೇಡಂ ನಕ್ಕರು. ಜೂನಿನಲ್ಲಿ ಪೆಟ್ಟಿಗೆ ಹಿಡಿದುಕೊಂಡು ಬಾ, ಅವಸರ ಮಾತ್ರ ಮನೆಯಲ್ಲಿ ಬಿಟ್ಟು ಬಾ ಅಂದರು. ಬಿಟ್ಟು ಹೋಗಲಿಲ್ಲ, ಅದು ಬೇರೆ ಸಂಗತಿ.

ಸಂಜೆ ಹಿಂಬಾಗಿಲಿನಿಂದ ಮನೆಗೆ ಬಂದೆವು. ಅಮ್ಮ ಚಹಾದ ಹೊತ್ತಿನ ಬನ್ಸ್ ಕಾಯಿಸಿ ಆಗಷ್ಟೇ ತಟ್ಟೆಯನ್ನು ಹೊಸ್ತಿಲಿನಾಚೆ ಇಟ್ಟಿದ್ದಳು. ಮಾವ ಸುದ್ದಿ ಹೇಳಿದರು, ಹೋಟೆಲಿನವರಿಗೂ ಕೇಳಲಿ ಅನ್ನುವಷ್ಟು ದೊಡ್ಡದಾಗಿ. ಅಮ್ಮ ಸೌಟು ಹಿಡಿದುಕೊಂಡೇ ತಮ್ಮನ ತಲೆಗೆ ಮೊಟಕಿ ಅಳತೊಡಗಿದಳು. ಅಪ್ಪ ಕ್ಯಾಶಿನಿಂದ ಎದ್ದು ಬಂದು ಬಾಗಿಲಿನ ಆಚೆ ನಿಂತರು. ಈಗ ಬೇಡ ಅನ್ನುತ್ತಾರೆ, ನಾನು ಎದುರು ಮಾತಾಡುತ್ತೇನೆ, ಏನೇನು ಹೇಳುವುದು ಅಂತ ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಅಪ್ಪ ಕೆಳಗಿನ ತಟ್ಟೆಯನ್ನು ನೋಡಿದರು. ಬಗ್ಗಿದರು. ತನ್ನ ಕಡೆಯಿಂದ ಒಂದು ಬನ್ಸ್ ಎತ್ತಿ, ಹೊಸ್ತಿಲಿನ ಮೇಲಿಂದ ಕೈ ಚಾಚಿ ನನ್ನ ಮುಂದೆ ಹಿಡಿದರು. ನನಗೆ ತೆಗೆದುಕೊಳ್ಳಲು ಕೈಯೇ ಬರಲಿಲ್ಲ.

"ಅಪ್ಪ, ಅದು ಪಿದಾಯಿ," ಅಂದೆ.

"ಗೊತ್ತುಂಟು," ಅಂದರು ಅಪ್ಪ. ಸ್ವರ ಒರಟಾಗಿಯೇ ಇತ್ತು. "ಹಾಸ್ಟೆಲಿನಲ್ಲಿ ಇದೆಲ್ಲ ಸಿಗ್ಲಿಕ್ಕಿಲ್ಲ. ತಿನ್ನು."

ನಾವೆಲ್ಲ ಮಾವನ ಕಡೆ ನೋಡಿದೆವು. ಮಾವ ಕೊರಳಿನಿಂದ ಸೀಟಿ ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡರು.